ಟವೆಲ್ ಕೆಳಗಿನ ಲ್ಯಾಂಬೊರ್ಗಿನಿ

ದೇವನಹಳ್ಳಿ, ದೊಡ್ಡಬಳ್ಳಾಪುರದ ಕಡೆ ಈಗ ಹೋಬಳಿಗೊಬ್ಬರಂತೆ ಏರ್‌ಪೋರ್ಟ್ ಗೌಡರು ಸಿಗುತ್ತಾರೆ. ಊರು ಬೇರೆ ಬೇರೆ, ಜಾತಕ ಒಂದೇ. 2008ರ ಮೇ ತಿಂಗಳಲ್ಲಿ ಮೊದಲ ವಿಮಾನ ಇಳಿಯುವ ತನಕ ರಾಗಿ, ದ್ರಾಕ್ಷಿ, ಹಿಪ್ಪುನೇರಳೆ. ಆಮೇಲೆ ಸೈಟು, ಲೇಔಟು, ಮತ್ತೆ ಸೈಟು. ಬಿಳಿ ಪಂಚೆ, ಬಿಳಿ ಶರ್ಟು. ಜೇಬಿನ ಬಟ್ಟೆ ಎಷ್ಟು ತೆಳುವೆಂದರೆ ಐನೂರರ ನೋಟುಗಳನ್ನು ಹೊರಗಿನಿಂದಲೇ ಎಣಿಸಬಹುದು. ಹೆಗಲ ಮೇಲೆ ಟವೆಲ್. ಇತ್ತೀಚೆಗೆ ಈ ಚಿತ್ರಕ್ಕೆ ಇನ್ನೊಂದು ಸೇರಿಕೊಂಡಿದೆ: ದನದ ಕೊಟ್ಟಿಗೆಯ ಪಕ್ಕದ ಶೆಡ್ಡಿನಲ್ಲಿ ಹಸಿರು ಬಣ್ಣದ ಲ್ಯಾಂಬೊರ್ಗಿನಿ.

ನೋಡಿದವರು ನಗುತ್ತಾರೆ. ನಾನು ನಗುವುದಿಲ್ಲ. ಸ್ಪೋರ್ಟ್ಸ್ ಕಾರಿನ ರುಚಿ ನಿಜವಾಗಿ ಹತ್ತಬೇಕಾದರೆ ಮೊದಲು ಟಿವಿಎಸ್ ಫಿಫ್ಟಿ ಓಡಿಸಿರಬೇಕು. ಹಿಂದೆ ಹೆಂಡತಿ, ಮುಂದೆ ಹಾಲಿನ ಕ್ಯಾನು, ಏರು ಬಂದಾಗ ಪೆಡಲ್ ತುಳಿದು ಇಂಜಿನ್ನಿಗೆ ಕೈಲಾದ ಸಹಾಯ. ಗೌಡರು ಅದನ್ನು ಮಾಡಿದವರು. ಅದಾದ ಮೇಲೆ ಟ್ರಾಕ್ಟರು, ಹಳೇ ಜೀಪು, ಬೊಲೆರೊ. ಅವರ ಸೊಂಟವನ್ನು ಕೇಳಿದರೆ ತಾಲ್ಲೂಕಿನ ರಸ್ತೆಗಳ ಇತಿಹಾಸವನ್ನೇ ಹೇಳೀತು.

ಕಾರು ಕೊಂಡ ದಿನ ನೋಡಬೇಕಿತ್ತು. ಬೆಂಗಳೂರಿನ ಸೆಕೆಂಡ್‌ಹ್ಯಾಂಡ್ ಐಷಾರಾಮಿ ಕಾರುಗಳ ಮಳಿಗೆ. ಕೋಟು ತೊಟ್ಟ ಹುಡುಗ ಒಂದೇ ಉಸಿರಿನಲ್ಲಿ ಒಪ್ಪಿಸಿದ: ಹುರಕಾನ್, 5.2 ಲೀಟರ್, ಹತ್ತು ಸಿಲಿಂಡರ್, 610 ಅಶ್ವಶಕ್ತಿ, ನಿಂತಲ್ಲಿಂದ ನೂರು ಕಿಲೋಮೀಟರ್ ವೇಗಕ್ಕೆ 3.2 ಸೆಕೆಂಡ್. ಗೌಡರು ಅದ್ಯಾವುದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕಾರಿನ ಸುತ್ತ ಒಂದು ಸುತ್ತು ಬಂದರು. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಹಳ್ಳಿಕಾರ್ ಜೋಡಿಯ ಸುತ್ತ ಬರುವುದು ಹೀಗೇ. ಬೆನ್ನು ಸವರಿದರು. ಬಾಗಿಲ ಕೆಳಗೆ ಹೆಬ್ಬೆರಳು ನಿಲ್ಲಿಸಿ, "ಇಲ್ಲೊಂದು ಸುಳಿ ಐತೆ" ಅಂದರು. ಹುಡುಗ ಬಗ್ಗಿ ನೋಡಿದ. ಯಾವತ್ತೋ ಗೀಚಿಸಿಕೊಂಡು ಮತ್ತೆ ಬಣ್ಣ ಬಳಿದ ಜಾಗ.

"ಹಲ್ಲೆಷ್ಟು?"

"ಸರ್?"

"ವಯಸ್ಸು, ವಯಸ್ಸು."

"2016ರ ಮಾಡೆಲ್ ಸರ್."

"ಹಂಗಾದ್ರೆ ಬಾಯಿಗೂಡೈತೆ" ಎಂದು ಮಗನ ಕಡೆ ನೋಡಿದರು.

ಪರಿಸ್ಥಿತಿ ಕೈಮೀರುತ್ತಿದೆ ಅನ್ನಿಸಿ ಮಗ ತನ್ನ ಬ್ರಹ್ಮಾಸ್ತ್ರ ಬಿಟ್ಟ. ಈ ಕಂಪನಿ ಕಟ್ಟಿದ ಫೆರುಚ್ಚೊ ಲ್ಯಾಂಬೊರ್ಗಿನಿ ಇಟಲಿಯ ರೈತನ ಮಗ. ಮೊದಲು ಮಾಡಿದ್ದು ಟ್ರಾಕ್ಟರು, ಅದೂ 1948ರಲ್ಲಿ. ತನ್ನ ಫೆರಾರಿಯ ಕ್ಲಚ್ಚು ಸರಿಯಿಲ್ಲವೆಂದು ಹೇಳಲು ಹೋದಾಗ, ಟ್ರಾಕ್ಟರ್ ಓಡಿಸುವವನಿಗೆ ಕಾರಿನ ವಿಷಯ ಏನು ಗೊತ್ತು ಎಂದು ಎಂಜೊ ಫೆರಾರಿ ಕಳಿಸಿಬಿಟ್ಟನಂತೆ. ಆ ಸಿಟ್ಟಿಗೆ 1963ರಲ್ಲಿ ಈತ ಕಾರಿನ ಕಂಪನಿಯನ್ನೇ ತೆಗೆದನಂತೆ. ಕ್ಲಚ್ಚಿನ ಜಗಳ ನಿಜವೋ ಕಟ್ಟುಕಥೆಯೋ, ಹೇಳುವವರು ಬಹಳ ಮಂದಿ. ಟ್ರಾಕ್ಟರು, 1963 ಎರಡೂ ದಿಟ. ಸಾಲದ್ದಕ್ಕೆ ಕಂಪನಿಯ ಗುರುತೇ ಹೋರಿ. ಹುರಕಾನ್ ಎಂಬುದೂ 1879ರಲ್ಲಿ ಸ್ಪೇನಿನ ಅಲಿಕಾಂತೆಯಲ್ಲಿ ಕಾದಾಡಿದ ಒಂದು ಹೋರಿಯ ಹೆಸರು.

"ಅದನ್ನ ಮೊದ್ಲೇ ಹೇಳೋಕೇನಾಗಿತ್ತು ನಿಂಗೆ!" ಎಂದವರೇ ಗೌಡರು ಹೆಗಲ ಟವೆಲ್ ತೆಗೆದು ಕೋಟಿನ ಹುಡುಗನ ಕೈ ಮೇಲೆ ಹೊದಿಸಿ, ಕೆಳಗಿನಿಂದ ಅವನ ಮೂರು ಬೆರಳು ಹಿಡಿದು ಅದುಮಿದರು. ಹುಡುಗ ಬೆವೆತ. ಕೈ ಬಿಡಿಸಿಕೊಳ್ಳಲು ನೋಡಿದ. ಆ ಹಿಡಿತ ನೇಗಿಲ ಮೇಳಿ ಹಿಡಿದದ್ದು. "ಬೆರಳಿಗೆ ಹತ್ತು ಲಕ್ಷದಂತೆ ಇಳಿಸಿ ಅಂತಿದಾರೆ ನಮ್ಮಪ್ಪ" ಎಂದು ಮಗ ಪಿಸುಗುಟ್ಟಿದ. ಎರಡು ಬೆರಳಿಗೆ ವ್ಯಾಪಾರ ಕುದುರಿತು. ಕಾರಿಗಿದ್ದ ಪಾಂಡಿಚೇರಿ ನಂಬರನ್ನೇ ಉಳಿಸಿಕೊಂಡರೆ ತೆರಿಗೆ ಉಳಿಯುತ್ತದೆಂದು ಯಾರೋ ಕಿವಿಯೂದಿದರು. "ನಮ್ಮ ಕೊಟ್ಟಿಗೆ ಹೋರಿಗೆ ಯಾರದೋ ಮುದ್ರೆ ಯಾಕೆ?" ಎಂದು ಗೌಡರು ತೆರಿಗೆ ಕಟ್ಟಿ ದೇವನಹಳ್ಳಿಯ ಕೆಎ 43 ಹಾಕಿಸಿದರು. ಕೋಟಿ ಮೇಲೆ ಕೋಟಿಯ ಗಾಡಿ ಕೊಂಡು ತೆರಿಗೆಗೆ ಮೀನಮೇಷ ಎಣಿಸುವ ನಗರದ ಶೋಕಿಲಾಲರು ಇವರಿಂದ ಕಲಿಯುವುದಿದೆ.

ಊರ ಬಾಗಿಲಲ್ಲಿ ತೊಂದರೆ ಕಾದಿತ್ತು. ಅಲ್ಲೊಂದು ಹಂಪು, ಗೌಡರೇ ಗ್ರಾಮ ಪಂಚಾಯ್ತಿ ಸದಸ್ಯರಾಗಿದ್ದಾಗ ಜಗಳವಾಡಿ ಹಾಕಿಸಿದ್ದು. ಮೂಗು ಮೇಲೆತ್ತುವ ಗುಂಡಿಯೊಂದು ಕಾರಿನಲ್ಲಿದೆ. ಒತ್ತಿದರೂ ಹೊಟ್ಟೆ 'ಕರ್ರ್' ಎಂದಿತು. ಅರಳಿಕಟ್ಟೆಯವರು ನೋಡಿಯೂ ನೋಡದವರಂತೆ ಕೂತಿದ್ದರು. ಒಬ್ಬ ಮಾತ್ರ ಕೇಳಿದ: "ಲೀಟರಿಗೆ ಎಷ್ಟು ಕೊಡುತ್ತೆ ಗೌಡ್ರೇ?"

"ಇದು ಕೊಡೋದಲ್ಲ ಕಣಪ್ಪ, ಈಸ್ಕೊಳ್ಳೋದು."

ಭಾನುವಾರ ನಸುಕಿಗೆ ಹೈದರಾಬಾದ್ ಹೆದ್ದಾರಿಯಲ್ಲಿ ನಂದಿಬೆಟ್ಟದ ಕಡೆ ಹೋಗುವ ಸ್ಪೋರ್ಟ್ಸ್ ಕಾರುಗಳ ಸಾಲಿನಲ್ಲಿ ಗೌಡರದೂ ಒಂದು. ಬೇರೆಯವರು ದಾರಿಬದಿ ಟೀ ಕುಡಿಯುತ್ತಾ ವೇಗದ ಲೆಕ್ಕ ಹೇಳುತ್ತಾರೆ. ಗೌಡರದು ಬೇರೆ ಲೆಕ್ಕ. "ಹಳೇ ಜೀಪು ಸ್ಟೇರಿಂಗ್ ತಿರುಗ್ಸಿದ್ ಮೇಲೆ ಯೋಚ್ನೆ ಮಾಡಿ ತಿರುಗ್ತಿತ್ತು. ಇದು ನಾನು ಯೋಚ್ನೆ ಮಾಡೋಕ್ ಮುಂಚೆ ತಿರುಗ್ತದೆ. ಯಾವ ಚಕ್ರದ ಕೆಳಗೆ ಕಲ್ಲು ಬಂತು ಅಂತ ಕುಂಡಿಗೇ ಗೊತ್ತಾಗ್ತದೆ, ಟ್ರಾಕ್ಟರ್‌ನಾಗೆ ಗೊತ್ತಾಗ್ತಿತ್ತಲ್ಲ, ಹಂಗೆ." ಆಮೇಲೆ ಟೀ ಲೋಟ ಕೆಳಗಿಟ್ಟು, "ಓಡೋ ಹೋರಿ ಎಲ್ಲರ ಮನೇಲೂ ಇರ್ತದೆ. ಅಂದ ಜಾಗದಾಗೆ ನಿಲ್ಲೋ ಹೋರಿ ಎಷ್ಟಿದಾವೆ? ಇದರ ಬ್ರೇಕ್ ನೋಡ್ರಿ ಮೊದ್ಲು" ಅನ್ನುತ್ತಾರೆ. ಕಾರು ಪತ್ರಿಕೆಗಳನ್ನು ವರ್ಷಗಟ್ಟಲೆ ಓದಿದ ನನಗೆ ಬ್ರೇಕನ್ನು ಇಷ್ಟು ಚೆನ್ನಾಗಿ ಹೊಗಳಿದವರು ಸಿಕ್ಕಿಲ್ಲ.

ಗೌಡತಿ ಮಾತ್ರ ಅದರಲ್ಲಿ ಒಮ್ಮೆ ಕೂತವರು ಮತ್ತೆ ಕೂರಲಿಲ್ಲ. ಕಾರಿನ ಎತ್ತರ ನಾಲ್ಕಡಿಯೂ ಇಲ್ಲ; ಹತ್ತಲು ಬಗ್ಗಬೇಕು, ಇಳಿಯಲು ಇಬ್ಬರು ಎತ್ತಬೇಕು. ಹೀಗಾಗಿ ಖಾಲಿ ಉಳಿದ ಆ ಸೀಟಿನಲ್ಲಿ ಗೌಡರು ದೇವನಹಳ್ಳಿ ಪಕ್ಕದ ವಿಜಯಪುರದಿಂದ ಬೂಸಾ ಮೂಟೆ ತರುತ್ತಾರೆ. ಬೆಲ್ಟ್ ಹಾಕದಿದ್ದರೆ ಕಾರು ಕೀಂಯ್‌ಗುಡುತ್ತದೆಂದು ಮೂಟೆಗೇ ಬೆಲ್ಟ್ ಬಿಗಿದಿರುತ್ತಾರೆ. ಅಷ್ಟು ದುಡ್ಡಿನ ಕಾರಿನಲ್ಲಿ ಬೂಸಾ ತರುವುದೇ ಎಂದು ನೆಂಟರು ಗೌಡತಿಯನ್ನು ಕೇಳಿದರೆ ಅವರು ರಾಗಿ ಕೇರುವುದನ್ನು ನಿಲ್ಲಿಸದೆ ಹೇಳುತ್ತಾರೆ: "ಕೂತ್ಕೊಳ್ಳಲಿ ಬುಡಿ. ಅದಕ್ಕೇನು ಸೊಂಟ ಐತಾ?"