‘ನಾನು ಟೆಂಪೋ ಅಲ್ಲ ಸ್ವಾಮಿ’: ಹೈಲಕ್ಸ್ ಜತೆ ಮುಖಾಮುಖಿ

ಬಸವೇಶ್ವರನಗರದ ಒಂದು ಅಡ್ಡರಸ್ತೆ. ಹೊಂಗೆ ಮರದ ನೆರಳಲ್ಲಿ, ಎರಡು ಮನೆಗಳ ಗೇಟಿಗೂ ಸಮಸಮನಾಗಿ ತೊಂದರೆ ಕೊಟ್ಟುಕೊಂಡು ನಿಂತಿದ್ದ ಟೊಯೊಟಾ ಹೈಲಕ್ಸ್ ಪಿಕಪ್ ಸಂದರ್ಶನಕ್ಕೆ ಒಪ್ಪಿದ್ದು ಒಂದೇ ಷರತ್ತಿನ ಮೇಲೆ: ಮಾತು ಮುಗಿಯುವವರೆಗೆ ಯಾರೂ ತನ್ನನ್ನು ಟೆಂಪೋ ಅನ್ನಕೂಡದು. ಸಂದರ್ಶಕ ಆಗಲಿ ಎಂದು ಪೆನ್ನು ತೆಗೆದ. ಅಷ್ಟರಲ್ಲಿ ಎದುರುಮನೆ ಯಜಮಾನರು ಹೊರಗೆ ಬಂದು, ‘‘ಏನಪ್ಪಾ, ಈ ಟೆಂಪೋ ಬಾಡಿಗೆಗೆ ಬರುತ್ತಾ? ಶ್ರೀರಾಂಪುರದಿಂದ ಒಂದು ಬೀರು ತರಬೇಕಿತ್ತು’’ ಅಂದರು.

ಹೈಲಕ್ಸ್‌ನ ಇಂಡಿಕೇಟರ್ ಎರಡು ಸಲ ಮಿಟುಕಿತು. ಸಿಟ್ಟು ಬಂದರೆ ಹಾಗಾಗುತ್ತದಂತೆ.

‘‘ಬರ್ಕೊಳ್ಳಿ ಸ್ವಾಮಿ,’’ ಅಂದಿತು. ‘‘2.8 ಲೀಟರ್ ಡೀಸೆಲ್ ಎಂಜಿನ್. 204 ಪಿಎಸ್ ಶಕ್ತಿ. ಆಟೊಮ್ಯಾಟಿಕ್ ಆದರೆ 500 ಎನ್‌ಎಂ ಟಾರ್ಕ್. ಫೋರ್ ವೀಲ್ ಡ್ರೈವ್. 2022ರ ಜನವರಿಯಲ್ಲಿ ನನ್ನನ್ನು ಈ ದೇಶಕ್ಕೆ ತೋರಿಸಿದರು, ಮಾರ್ಚ್ ಕೊನೆಗೆ ಬೆಲೆ ಹೇಳಿದರು. ಶುರುವಾಗಿದ್ದೇ 33.99 ಲಕ್ಷದಿಂದ. ಬೀರು ತರಬೇಕಂತೆ, ಬೀರು!’’

‘‘ಆಮೇಲೆ ಬೆಲೆ ಇಳಿಯಿತಲ್ಲವೇ?’’

‘‘ಅದನ್ನ ಬರೀಬೇಡಿ.’’

ಬರೆಯದೆ ವಿಧಿಯಿಲ್ಲ. 2023ರ ಮಾರ್ಚ್‌ನಲ್ಲಿ ಆರಂಭದ ಮಾದರಿಯ ಬೆಲೆ ಮೂರೂವರೆ ಲಕ್ಷಕ್ಕೂ ಹೆಚ್ಚು ಇಳಿದು 30.40 ಲಕ್ಷಕ್ಕೆ ಬಂತು. 2025ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ದರ ಬದಲಾದಾಗ ಮತ್ತೆ ಎರಡೂವರೆ ಲಕ್ಷದವರೆಗೆ ತಗ್ಗಿತು. ಎರಡೂ ಸಲ ಅದಕ್ಕಿಂತ ಮೊದಲು ಕೊಂಡವರು ಎಷ್ಟು ಹೊತ್ತು ಸುಮ್ಮನೆ ಕೂತಿದ್ದರು ಎಂಬುದು ಅವರವರ ಮನೆಯವರಿಗೆ ಗೊತ್ತು.

ಹುಟ್ಟೂರು ಯಾವುದು ಎಂದು ಕೇಳಿದಾಗ ಮಾತ್ರ ಗಾಡಿ ಕೊಂಚ ಹಗುರಾಯಿತು. ‘‘ಬಿಡದಿ. ತಟ್ಟೆ ಇಡ್ಲಿ ಬಿಡದಿನೇ. ಕೆಂಗೇರಿ ದಾಟಿ ಮೈಸೂರು ರಸ್ತೇಲಿ ನೆಟ್ಟಗೆ ಹೋದರೆ ನಮ್ಮನೆ. ನಮ್ಮ ವಂಶ ಜಪಾನಿನದು, 1968ರಿಂದ ಇದೆ. ನನ್ನನ್ನ ಜೋಡಿಸಿದ್ದು ಇಲ್ಲೇ. ಆದರೂ ನೋಡಿ, ಊರಿನವರೇ ನನ್ನ ಗುರುತು ಹಿಡಿಯಲ್ಲ.’’

ಈ ದೂರು ಪೂರ್ತಿ ನಿಜವಲ್ಲ. ಬಿಡದಿಯ ಅದೇ ಕಾರ್ಖಾನೆಯಿಂದ 2000ದ ಜನವರಿಯಲ್ಲಿ ಹೊರಬಂದ ಕ್ವಾಲಿಸ್‌ ಕೂಡ ನೋಡಲು ಚೆಂದವೇನೂ ಇರಲಿಲ್ಲ. ಇಂಡೋನೇಷ್ಯಾದಲ್ಲಿ ಓಡಿ ಹಳತಾಗಿದ್ದ ಕಿಜಾಂಗ್ ಗಾಡಿಯ ಚೌಕಾಕಾರದ ಮೈ ಅದಕ್ಕಿತ್ತು. ಕಾರು ಬಲ್ಲವರು ಮೂಗು ಮುರಿದರು. ಐದೇ ವರ್ಷದಲ್ಲಿ, ಕಂಪನಿ ಅದನ್ನು ನಿಲ್ಲಿಸಿ ಇನ್ನೋವಾ ತರುವ ಹೊತ್ತಿಗೆ, ಬೆಂಗಳೂರಿನ ಕಾಲ್‌ಸೆಂಟರ್‌ಗಳ ನೈಟ್‌ ಶಿಫ್ಟ್ ಎಂದರೆ ಕ್ವಾಲಿಸ್ ಎಂಬಂತಾಗಿತ್ತು. ಆಗ ಯಾರೂ ರೂಪ ಕೇಳಲಿಲ್ಲ. ಎಷ್ಟು ಜನ ಹಿಡಿಸುತ್ತಾರೆ ಎಂದು ಕೇಳಿದರು. ಹೈಲಕ್ಸ್ ಅನ್ನೂ ಜನ ಅದನ್ನೇ ಕೇಳುತ್ತಿದ್ದಾರೆ, ಎಷ್ಟು ಹಿಡಿಸುತ್ತೆ ಅಂತ. ಗಾಡಿಗೆ ಕೋಪ ಬರುವುದು ಅಲ್ಲೇ.

ಅದರ ಅಸಲಿ ಸಂಕಟ ಹೊರಬಿದ್ದದ್ದು ಫಾರ್ಚೂನರ್ ಹೆಸರೆತ್ತಿದಾಗ.

‘‘ಅವನೂ ನಾನೂ ದಾಯಾದಿಗಳು. ಇನ್ನೋವಾ, ಫಾರ್ಚೂನರ್, ನಾನು, ಮೂವರೂ 2004ರಲ್ಲಿ ಒಂದೇ ಅಡಿಪಾಯದ ಮೇಲೆ ಎದ್ದ ಮನೆತನ. ಅವನಿಗೂ ನನಗೂ ಅದೇ 2.8 ಎಂಜಿನ್, ಅದೇ ಬಿಡದಿ ಕಾರ್ಖಾನೆ. ಅವನ ಬೆನ್ನಿಗೆ ಮುಚ್ಚಳ ಇದೆ, ನನ್ನ ಬೆನ್ನು ತೆರೆದಿದೆ. ಅಷ್ಟೇ ತಾನೇ ವ್ಯತ್ಯಾಸ? ಮೊನ್ನೆ ವಿಜಯನಗರದ ಒಂದು ಕಲ್ಯಾಣ ಮಂಟಪಕ್ಕೆ ಇಬ್ಬರೂ ಒಟ್ಟಿಗೇ ಹೋದ್ವಿ. ವಾಚ್‌ಮನ್ ಅವನಿಗೆ ಸೆಲ್ಯೂಟ್ ಹೊಡೆದು ಮುಂದಿನ ಗೇಟು ತೆಗೆದ. ನನಗೆ? ‘ಅಡುಗೆ ಪಾತ್ರೆ ಹಿಂದ್ಗಡೆ ಇಳಿಸಣ್ಣಾ’ ಅಂದ. ನನ್ನೊಳಗೆ ಹೆಣ್ಣಿನ ಸೋದರಮಾವ ರೇಷ್ಮೆ ಪಂಚೆ ಉಟ್ಕೊಂಡು ಕೂತಿದ್ದರು!’’

‘‘ಆಮೇಲೇನಾಯಿತು?’’

‘‘ಏನಾಗುತ್ತೆ? ಹಿಂದಿನಿಂದಲೇ ಹೋದ್ವಿ. ಊಟ ಬೇಗ ಸಿಕ್ತು.’’

ಪಿಕಪ್ಪನ್ನು ಹಿಂಬಾಗಿಲಿಗೆ ಕಳಿಸುವ ದೇಶಕ್ಕೆ ಅದರದೇ ಇತಿಹಾಸ ನೆನಪಿರಲಾರದು. ಟಾಟಾ ಕಂಪನಿ 1988ರಲ್ಲಿ ಟಾಟಾಮೊಬೈಲ್ ಪಿಕಪ್ ತಂದಿತು. ಇವತ್ತಿಗೂ ಹಳಬರು ಕಣ್ಣರಳಿಸಿ ಮಾತಾಡುವ, ಹಿಂದೆ ದೊಡ್ಡ ಗಾಜಿನ ಸಿಯೆರಾ 1991ರಲ್ಲಿ ಹುಟ್ಟಿದ್ದು ಆ ಪಿಕಪ್ಪಿನ ಮೇಲೆಯೇ. ಮೇಲೆ ಛಾವಣಿ ಬಂದ ಕೂಡಲೇ ಗಾಡಿಯ ಜಾತಿ ಬದಲಾಯಿತು. ಮನೆ ಮಂದಿ ಓಡಾಡುವ ಪಿಕಪ್ ಎಂಬ ಆಸೆಯನ್ನು 2016ರಲ್ಲಿ ಇಸುಝು ವಿ-ಕ್ರಾಸ್ ಮತ್ತೆ ಹುಟ್ಟಿಸಿತು. ಅದನ್ನು ಕೊಂಡವರಿಗೂ ರಸ್ತೆಯಲ್ಲಿ ಕೇಳಿಬಂದ ಪ್ರಶ್ನೆ, ‘‘ಲೋಡ್ ಏನಣ್ಣಾ?’’

ಹಾಗಿದ್ದರೆ ಮಾಲೀಕರು ಏನನ್ನುತ್ತಾರೆ? ಒಂದೊಂದು ಮನೆಯಲ್ಲಿ ಒಂದೊಂದು ಮಾತು. ಸರ್ವಿಸ್‌ಗೆ ಹೋದಾಗ ಅಣ್ಣತಮ್ಮಂದಿರೆಲ್ಲ ಸಾಲಾಗಿ ನಿಲ್ಲುತ್ತಾರಂತೆ. ಸುಖದುಃಖದ ವಿಚಾರಣೆ ಅಲ್ಲೇ.

‘‘ರಾಜಾಜಿನಗರ ಇಂಡಸ್ಟ್ರಿಯಲ್ ಟೌನ್‌ನಲ್ಲಿ ವರ್ಕ್‌ಶಾಪ್ ಇಟ್ಟಿರೋರ ಮನೇಲಿ ನಮ್ಮಣ್ಣ ಇದ್ದಾನೆ. ವಾರವಿಡೀ ಡೈ, ಕಬ್ಬಿಣದ ರಾಡು. ಭಾನುವಾರ ಮಾತ್ರ ಹೆಂಡತಿ ಮಕ್ಕಳು. ಯಜಮಾನರಿಗೆ ಖುಷಿಯೋ ಖುಷಿ, ಎರಡು ಗಾಡಿ ಕೆಲಸ ಒಂದರಲ್ಲಿ ಮುಗೀತು ಅಂತಾರೆ. ಹೆಂಡತಿಗೆ ಆಗಲ್ಲ. ಸೀಟಿಗೆ ಗ್ರೀಸ್ ವಾಸನೆಯಂತೆ. ವಿಜಯನಗರದ ತಮ್ಮನ ಮನೇಲಿ ಅಜ್ಜಿ ಇದ್ದಾರೆ, ಮಂಡಿ ನೋವು. ನನ್ನ ಎತ್ತರ ನಿಮಗೇ ಗೊತ್ತಲ್ಲ, ಹತ್ತಿಸೋಕೆ ಪ್ಲಾಸ್ಟಿಕ್ ಸ್ಟೂಲ್ ಬೇಕು. ಆ ಸ್ಟೂಲ್ ಇಡೋಕೆ ಹಿಂದೆ ಜಾಗ ಇದೆಯಲ್ಲಮ್ಮಾ ಅಂತ ಮಗ ಸಮರ್ಥನೆ ಬೇರೆ.’’

‘‘ಈ ಮನೆಯವರು?’’

ಗಾಡಿ ದನಿ ತಗ್ಗಿಸಿತು. ‘‘ನಮ್ಮೋರು ಸಾಫ್ಟ್‌ವೇರ್. ಮೇಲೆ ಟೆಂಟು ಕಟ್ಟಿಕೊಂಡು ಲಡಾಖ್‌ಗೆ ಹೋಗಬೇಕು ಅಂತ ತಗೊಂಡರು. ಟೆಂಟು ಬಂತು, ರಜೆ ಬರಲಿಲ್ಲ. ಇದುವರೆಗೆ ನಾನು ಕಂಡಿರೋ ದೊಡ್ಡ ಬೆಟ್ಟ ಇಸ್ಕಾನ್ ದೇವಸ್ಥಾನದ ಗುಡ್ಡ.’’

ಮಾಲೀಕರ ದೊಡ್ಡ ದೂರು ಬೇರೆಯೇ ಇದೆ: ಹಿಂದಿನ ಸೀಟಿನಲ್ಲಿ ಕೂತರೆ ಪ್ರತಿ ಹಂಪ್‌ಗೂ ತಲೆ ಛಾವಣಿಗೆ ತಾಗುವಷ್ಟು ಎಗರುತ್ತದೆ. ಇಲ್ಲಿ ಗಾಡಿಯ ವಾದದಲ್ಲಿ ಹುರುಳಿದೆ. ಫಾರ್ಚೂನರ್‌ನ ಹಿಂದಿನ ಆಕ್ಸೆಲ್ ಕಾಯಿಲ್ ಸ್ಪ್ರಿಂಗ್ ಮೇಲೆ ನಿಂತಿದ್ದರೆ, ಹೈಲಕ್ಸ್‌ನದು ಲಾರಿಗಳ ಹಾಗೆ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಲೀಫ್ ಪಟ್ಟಿಗಳ ಮೇಲೆ. ಅವು ಭಾರ ಹೊರಲೆಂದೇ ಮಾಡಿದವು. ಬೆನ್ನು ಖಾಲಿಯಿದ್ದರೆ ಪಟ್ಟಿ ಬಾಗುವುದಿಲ್ಲ. ರಸ್ತೆಯ ಪೆಟ್ಟೆಲ್ಲ ಸೀಟಿಗೇ ಬರುತ್ತದೆ. ನಾಲ್ಕು ಮೂಟೆ ಅಕ್ಕಿ ಹಾಕಿ ಅದೇ ಡಾ. ರಾಜ್‌ಕುಮಾರ್ ರಸ್ತೆಯಲ್ಲಿ ಹೋದರೆ ಗಾಡಿ ಎಷ್ಟೋ ಮೆತ್ತಗೆ ನಡೆಯುತ್ತದೆ. ಮೂವತ್ತು ಲಕ್ಷ ಕೊಟ್ಟ ಮೇಲೆ, ಒಳಗೆ ಆರಾಮಾಗಿ ಕೂರಲು ಹಿಂದೆ ಅಕ್ಕಿ ಮೂಟೆ ಹೇರಬೇಕೆಂದರೆ ಯಾರಿಗಾದರೂ ಸಿಟ್ಟು ಬಂದೀತು. ಆದರೆ ತಪ್ಪು ಸ್ಪ್ರಿಂಗಿನದಲ್ಲ.

‘‘ಅಳತೆ ಬಗ್ಗೆ ಒಂದು ಮಾತು,’’ ಸಂದರ್ಶಕ ಕೇಳಿದ.

‘‘ಉದ್ದ 5,325 ಮಿಲಿಮೀಟರ್.’’

‘‘ಅಡಿಯಲ್ಲಿ ಹೇಳಿ.’’

‘‘ಹದಿನೇಳೂವರೆ.’’

ಸಂದರ್ಶಕ ಬೀದಿಯ ಎರಡೂ ಕಡೆ ನೋಡಿದ. ಅರ್ಧಕ್ಕರ್ಧ ಮನೆಗಳು 20X30ರ ಸೈಟಿನವು. ಮನೆಯ ಮುಖ ಇಪ್ಪತ್ತು ಅಡಿ. ಅದರಲ್ಲಿ ಹದಿನೇಳೂವರೆ ಗಾಡಿಗೆ ಹೋದರೆ, ಮನೆ ಮಂದಿ ಒಳಗೆ ಹೋಗಿ ಬರಲು ಉಳಿಯುವುದು ಎರಡೂವರೆ ಅಡಿ. ‘ಗೇಟಿನ ಮುಂದೆ ಗಾಡಿ ನಿಲ್ಲಿಸಬೇಡಿ’ ಎಂಬ ಬೋರ್ಡನ್ನು ಈ ಬೀದಿಯಲ್ಲಿ ತೂಗುಹಾಕಿದವರಲ್ಲಿ ಹೈಲಕ್ಸ್‌ನ ಮಾಲೀಕರೂ ಒಬ್ಬರು. ಅವರ ಗೇಟಿನ ಮುಂದೆ ಅವರದೇ ಗಾಡಿ ನಿಂತಿದೆ.

ಇಷ್ಟು ಹೊತ್ತಿಗೆ ಮಾತು ಬೆನ್ನಿನತ್ತ ತಿರುಗಿತ್ತು. ಸಂದರ್ಶಕ ಬಗ್ಗಿ ನೋಡಿದ. ಹೊಂಗೆ ಹೂವಿನ ರಾಶಿ, ರಾತ್ರಿ ಮಳೆಗೆ ನಿಂತ ನೀರು, ಕಾಗೆಯ ಕೊಡುಗೆ. ಮೂಲೆಯಲ್ಲಿ ಗಂಟು ಕಟ್ಟಿದ ಮೂರು ಕಪ್ಪು ಕವರು.

‘‘ಅದು ನನ್ನದಲ್ಲ,’’ ಹೈಲಕ್ಸ್ ಅವಸರವಾಗಿ ಹೇಳಿತು. ‘‘ಬೀದಿಯವರದು. ಬೆಳಗ್ಗೆ ಕಸದ ಆಟೋ ತಪ್ಪಿಸಿಕೊಂಡೋರೆಲ್ಲ ರಾತ್ರಿ ಹತ್ತರ ಮೇಲೆ ವಾಕಿಂಗ್ ಬರ್ತಾರೆ. ಹೋಗುವಾಗ ಕೈಲಿ ಕವರು, ಬರುವಾಗ ಕೈ ಬೀಸ್ಕೊಂಡು. ಸಾಫ್ಟ್‌ವೇರಿನವರು ಒಂದು ಸಲ ನೋಡದೆ ಆಫೀಸಿಗೆ ಓಡಿಸ್ಕೊಂಡು ಹೋಗಿದ್ದರು. ಸೆಕ್ಯುರಿಟಿಯವನು ಹಿಂದಿನ ಗೇಟು ತೋರಿಸಿದ. ಕಲ್ಯಾಣ ಮಂಟಪವೇ ವಾಸಿ.’’

2025ರ ಅಕ್ಟೋಬರ್ ಕೊನೆಯಲ್ಲಿ, ರಸ್ತೆಗೆ ಕಸ ಎಸೆದು ಸಿಕ್ಕಿಬಿದ್ದವರ ಮನೆ ಬಾಗಿಲಿಗೇ ನಗರದ ಘನತ್ಯಾಜ್ಯ ಸಂಸ್ಥೆಯವರು ಕಸ ಸುರಿದು ದಂಡ ಹಾಕಿದ್ದು ನೆನಪಿರಬಹುದು. ಪಿಕಪ್ಪಿನ ಬೆನ್ನಿಗೆ ಎಸೆದರೆ ಅದು ರಸ್ತೆಗೆ ಎಸೆದಂತೆ ಆಗುತ್ತದೋ ಇಲ್ಲವೋ, ವಕೀಲರು ಹೇಳಬೇಕು.

ತೆರಿಗೆಯವರ ಕಣ್ಣಿಗೆ ಮಾತ್ರ ಇದು ಅಪ್ಪಟ ಕಾರು. ಕರ್ನಾಟಕದಲ್ಲಿ 20 ಲಕ್ಷ ದಾಟಿದ ಖಾಸಗಿ ಕಾರಿಗೆ ಶೇ 18ರಷ್ಟು ಆಜೀವ ತೆರಿಗೆ, ಅದರ ಮೇಲೆ ಸೆಸ್. ‘‘ಕೆಎ-02, ರಾಜಾಜಿನಗರ ಆರ್‌ಟಿಒ, ಬಿಳಿ ಬೋರ್ಡು,’’ ಎಂದು ಗಾಡಿ ಎದೆಯುಬ್ಬಿಸಿತು. ‘‘ಮಾಗಡಿ ರೋಡ್ ಟೋಲ್‌ಗೇಟ್ ಹತ್ರ ಟ್ರಾಫಿಕ್‌ನವರು ಕೈ ಅಡ್ಡ ಹಾಕ್ತಾರೆ, ಬೋರ್ಡ್ ನೋಡ್ತಾರೆ, ‘ಹೋಗಿ ಸಾರ್’ ಅಂತಾರೆ. ಆ ‘ಸಾರ್’ ಕೇಳಿಸ್ಕೊಳ್ಳೋಕೆ ನಮ್ಮೋರು ಆ ಕಡೆಯಿಂದಲೇ ಸುತ್ತಿಕೊಂಡು ಬರೋದು.’’

ರೂಪದ ಬಗ್ಗೆ ಬೇಸರವೇ ಎಂದು ಕೇಳಿದರೆ, ಅಮೆರಿಕದ ಕಡೆ ಬೆರಳು ತೋರಿಸಿತು. 2019ರ ನವೆಂಬರ್‌ನಲ್ಲಿ ಟೆಸ್ಲಾ ತನ್ನ ಸೈಬರ್‌ಟ್ರಕ್ ತೋರಿಸಿದಾಗ, ಒಡೆಯದ ಗಾಜು ಎಂದು ವೇದಿಕೆಯಲ್ಲೇ ಲೋಹದ ಗುಂಡು ಎಸೆದರು, ಗಾಜು ಬಿರಿಯಿತು. 39,900 ಡಾಲರ್ ಅಂದಿದ್ದ ಗಾಡಿ ನಾಲ್ಕು ವರ್ಷದ ಮೇಲೆ ಕೈಗೆ ಬರುವಾಗ ಬೆಲೆ 60,000 ಡಾಲರ್ ದಾಟಿತ್ತು. 2025ರ ಮಾರ್ಚ್‌ನಲ್ಲಿ, ಮೈಗೆ ಅಂಟಿಸಿದ ಸ್ಟೀಲ್ ಪಟ್ಟಿ ಕಳಚಿ ಬೀಳುತ್ತದೆಂದು 46,000ಕ್ಕೂ ಹೆಚ್ಚು ಗಾಡಿಗಳನ್ನು ವಾಪಸು ಕರೆಸಿದರು. ಆದರೂ ಅದಕ್ಕೆ ಪ್ರಾಣ ಬಿಡುವ ಮಾಲೀಕರಿದ್ದಾರೆ.

‘‘ನೋಡಿ, ಅಲ್ಲಿ ಗಾಡಿ ಚಿತ್ರ ಬರೆಯಲು ಮಗುವಿಗೆ ಸ್ಕೇಲ್ ಒಂದಿದ್ದರೆ ಸಾಕು. ಅದನ್ನು ಭವಿಷ್ಯ ಅಂತಾರೆ. ನನ್ನನ್ನು ಟೆಂಪೋ ಅಂತಾರೆ. 2003ರಲ್ಲಿ ಬ್ರಿಟನ್ನಿನ ಟಾಪ್ ಗೇರ್ ಕಾರ್ಯಕ್ರಮದವರು ನಮ್ಮ ದೊಡ್ಡಪ್ಪನನ್ನು ಸಮುದ್ರದಲ್ಲಿ ಮುಳುಗಿಸಿದರು, ಬೆಂಕಿ ಹಚ್ಚಿದರು, ಕೊನೆಗೆ ಎತ್ತರದ ಕಟ್ಟಡದ ನೆತ್ತಿ ಮೇಲೆ ನಿಲ್ಲಿಸಿ ಕಟ್ಟಡವನ್ನೇ ಉರುಳಿಸಿದರು. ಆಗಲೂ ಸ್ಟಾರ್ಟ್ ಆದ. ಆ ಮನೆತನದವನು ಸ್ವಾಮಿ ನಾನು.’’

‘‘ಬೆಂಗಳೂರಿನಲ್ಲಿ ನಿಮಗೆ ಬಂದ ದೊಡ್ಡ ಪರೀಕ್ಷೆ?’’

‘‘ನವರಂಗ್ ಹತ್ರ ಯೂ-ಟರ್ನ್.’’

ವರ್ಷಕ್ಕೊಂದು ಸಲ ಮಾತ್ರ ಇಡೀ ಬೀದಿ ಗಾಡಿಯ ಪರ ನಿಲ್ಲುತ್ತದೆ. ನವೆಂಬರ್ ಬಂತೆಂದರೆ ಯುವಕರು ಬೆಳಗ್ಗೆಯೇ ಬಂದು ಬೆನ್ನು ತೊಳೆಯುತ್ತಾರೆ. ಬಾಳೆಕಂದು, ಹಳದಿ ಕೆಂಪು ಬಾವುಟ, ನಡುವೆ ಭುವನೇಶ್ವರಿ, ಪಕ್ಕದಲ್ಲಿ ರಾಜ್‌ಕುಮಾರ್ ಫೋಟೊ, ಎರಡು ಸ್ಪೀಕರ್ ಬಾಕ್ಸು. ಫಾರ್ಚೂನರ್ ಅವತ್ತು ಮೆರವಣಿಗೆ ದಾಟಲಿ ಎಂದು ಅಡ್ಡರಸ್ತೆಯಲ್ಲಿ ಕಾಯುತ್ತದೆ. ಆ ದಿನ ಯಾರಾದರೂ ಟೆಂಪೋ ಅಂದರೂ ಗಾಡಿಗೆ ಬೇಸರವಿಲ್ಲವಂತೆ.

ಕೊನೆಗೆ, ಯಾವ ಮಾಲೀಕರ ಮಾತು ಸರಿ ಎಂದು ಸಂದರ್ಶಕ ನೇರವಾಗಿಯೇ ಕೇಳಿದ.

‘‘ಕೆಂಗೇರಿಯವರದು,’’ ಹೈಲಕ್ಸ್ ತಡವರಿಸಲಿಲ್ಲ. ‘‘ಅವರಿಗೆ ತಾವರೆಕೆರೆ ಕಡೆ ತೋಟ ಇದೆ. ಅವರ ಮನೇಲಿರೋ ನಮ್ಮ ಇನ್ನೊಬ್ಬ ತಮ್ಮನ ಬೆನ್ನ ಮೇಲೆ ತೆಂಗಿನಕಾಯಿ, ಹಿಂಡಿ ಮೂಟೆ, ಒಂದೊಂದು ಸಲ ಕರು. ತೊಳೆಯೋದು ಯುಗಾದಿಗೆ, ಆಯುಧಪೂಜೆಗೆ. ಮೈತುಂಬ ಗೀರು. ಗಾಡಿ ಹೇಗಿದೆ ಅಂತ ಯಾರಾದರೂ ಕೇಳಿದರೆ ‘ಗಾಡಿ ಗಾಡಿ ಥರ ಇದೆ’ ಅಂತಾರೆ, ಅಷ್ಟೇ. ಹೊರಲು ಏನಾದರೂ ಇರೋರ ಮನೇಲಿ ನಮಗೆ ಜಗಳವೇ ಇಲ್ಲ. ಏನೂ ಇಲ್ಲದೋರ ಮನೇಲೇ ಸೀಟು ಎಗರುತ್ತೆ, ಪಾರ್ಕಿಂಗ್ ಸಾಲದು, ಪಕ್ಕದವರು ಬೀರು ತಾ ಅಂತಾರೆ.’’

ಸಾಫ್ಟ್‌ವೇರಿನವರು ಗಾಡಿ ಮಾರುವ ಯೋಚನೆಯಲ್ಲಿದ್ದಾರೆ. ಕಾಗದಪತ್ರ ಸರಿಯಿದೆ, ಇನ್ಶೂರೆನ್ಸ್ ಚಾಲ್ತಿಯಲ್ಲಿದೆ, ಟೆಂಟು ಬಿಚ್ಚಿಯೇ ಇಲ್ಲ. ತೋಟ, ನರ್ಸರಿ, ಕೊಟ್ಟಿಗೆ ಇದ್ದವರು ಬಂದು ನೋಡಬಹುದು. ಕಲ್ಯಾಣ ಮಂಟಪದ ಮುಂದಿನ ಗೇಟೇ ಬೇಕು ಅನ್ನುವವರು ದಯವಿಟ್ಟು ಬರಬೇಡಿ. ಮುಂದಿನ ಕ್ರಾಸಿನಲ್ಲಿ ಒಂದು ಫಾರ್ಚೂನರ್ ಇದೆಯಂತೆ, ಅದನ್ನು ವಿಚಾರಿಸಿ.