ಬೀಗರ ದನಿ

ಕೊಡಂಗಲ್ ಬಜಾರ.

"ತಮ್ಮಾ, ನಮ್ಮ 50 ವಾಟಿನ ಆಂಪ್ಲಿಫೈಯರ್ ಸಾಲವಲ್ದು. 100ರದ್ದು ಕೊಡು, ಭೀಮಸೇನ ಜೋಶಿಯವರ ದನಿ ಡಬಲ್ ಆಗ್ಲಿ."

"ಕಾಕಾ, ವಾಟ್ ಡಬಲ್ ಆದ್ರ ದನಿ ಏರೋದು 3 ಡೆಸಿಬೆಲ್ ಅಷ್ಟ. ಕಿವಿಗಿ ಡಬಲ್ ಅನಸ್ಬೇಕಂದ್ರ 500 ಬೇಕು."

"500ರದ್ದೇ ಕಟ್ಟು!"

"ನಿಮ್ಮ ಸ್ಪೀಕರ್ ತಡೀತಾವ್ರಿ?"

"ನಿಮ್ಮ ಕಾಕಿನ್ನೇ ತಡದಾವ."

"ಮನ್ಯಾಗ ನೆಲ ಯಾವ್ದು?"

"ತಾಂಡೂರು ಕಲ್ಲು. ಗ್ವಾಡಿ ಬರೇ ಸಿಮೆಂಟು."

"ಅದಕ್ಕ ದನಿ ಬಡದು ವಾಪಸ್ ಬಂದು ಹಾಡೆಲ್ಲಾ ಕಲಸಿಹೋಗ್ತದ. ದಪ್ಪನ ಜಮಖಾನ ಹಾಸ್ರಿ, ಸಾಕು."

"ಜಮಖಾನ ಹಾಸಿದ್ರ ಮಗ್ಗಲ ಮನಿ ಬೀಗರಿಗಿ ಕೇಳಸ್ತದೇನು?"

(ಸಂಗೀತಪ್ರೇಮ ಯಾವತ್ತೂ ಗೋಡೆಯಾಚೆಗೇ ಜಾಸ್ತಿ.)

"ಬೀಗರು ನಿನ್ನೇನೇ 600ರದ್ದು ಒಯ್ದಾರ, ಕಾಕಾ."

"ಹಾಂ? ಸಾವಿರದ್ದು ಅದ ಏನು?"