ಸತ್ತವರಿಗೆ ಕಮೆಂಟ್ ಹಾಕುವ ಕ್ರಮ: ಹೊಸಬರ ಕೈಪಿಡಿ

ದೊಡ್ಡವರೊಬ್ಬರು ತೀರಿಕೊಂಡ ಸುದ್ದಿ ಬಂದ ಕೂಡಲೇ ಕೆಲಸಕ್ಕೆ ಕೂರಬೇಕು. ಹೆಣ ಮನೆಯಲ್ಲಿರುವಾಗ ಬಿದ್ದ ಕಮೆಂಟಿಗಿರುವ ಬೆಲೆ ವೈಕುಂಠ ಸಮಾರಾಧನೆಯ ದಿನ ಹಾಕಿದ್ದಕ್ಕಿಲ್ಲ.

ಬೇಕಾಗುವ ಸಾಮಗ್ರಿ: ಒಂದು ಫೋನು, ನಿಮ್ಮದಲ್ಲದ ಒಂದು ಹೆಸರು, ನಿಮ್ಮದಲ್ಲದ ಒಂದು ಮುಖ. ಮುಖಕ್ಕೆ ಹೂವು, ಹುಲಿ, ಬಿಲ್ಲು ಹಿಡಿದ ಶ್ರೀರಾಮ, ಯಾವುದಾದರೂ ನಡೆದೀತು. ರಾಮನನ್ನು ಆರಿಸಿಕೊಂಡವರು ಮಾತ್ರ ಯುದ್ಧಕಾಂಡವನ್ನು ಕೊನೆಯವರೆಗೆ ಓದಬಾರದು. ಅಲ್ಲಿ ರಾವಣನ ಸಂಸ್ಕಾರ ಮಾಡಲು ಹಿಂದೆಗೆಯುವ ವಿಭೀಷಣನಿಗೆ, ಸಾವಿನೊಂದಿಗೆ ಹಗೆಯೂ ತೀರಿತೆಂದು ರಾಮನೇ ತಿಳಿಹೇಳುತ್ತಾನೆ. ಓದಿದರೆ ಬೆರಳು ಓಡುವುದಿಲ್ಲ.

ಸತ್ತವರ ಪುಸ್ತಕಗಳನ್ನಂತೂ ಮುಟ್ಟಲೇಬೇಡಿ. 2014ರ ಆಗಸ್ಟ್ 22ರಂದು ಯು.ಆರ್. ಅನಂತಮೂರ್ತಿ ತೀರಿಕೊಂಡಾಗ ಮಂಗಳೂರು, ಚಿಕ್ಕಮಗಳೂರುಗಳಲ್ಲಿ ಪಟಾಕಿ ಹೊಡೆದರು. ಅದು ಹಳೇ ಪದ್ಧತಿ. ಪಟಾಕಿಗೆ ದುಡ್ಡು ಬೇಕು, ಬೀದಿಗಿಳಿದರೆ ಗುರುತಿನವರು ನೋಡುತ್ತಾರೆ. ಕಮೆಂಟಿಗೆ ಆ ರಗಳೆಯಿಲ್ಲ. ಆದರೆ ಆ ಸಂಭ್ರಮದ ನಡುವೆ ಯಾರಾದರೂ ಅವರ 1965ರ ‘ಸಂಸ್ಕಾರ’ ತೆರೆದಿದ್ದರೆ ಪಜೀತಿಯಾಗುತ್ತಿತ್ತು. ಕಾದಂಬರಿ ಶುರುವಾಗುವುದೇ ನಾರಣಪ್ಪನ ಸಾವಿನಿಂದ. ಅಗ್ರಹಾರಕ್ಕೆ ಅವನನ್ನು ಕಂಡರಾಗದು. ಹೆಣ ಬಿದ್ದಿದೆ, ಜನ ಕೂತು ಅವನ ಪಾಪಗಳ ಲೆಕ್ಕ ಒಪ್ಪಿಸುತ್ತಿದ್ದಾರೆ, ಎತ್ತುವವರಿಲ್ಲ. ಕಡೆಗೆ ಅವನ ಜೊತೆಗಿದ್ದ ಚಂದ್ರಿ ರಾತ್ರಿ ಹೊತ್ತು ಅಹ್ಮದ್ ಬ್ಯಾರಿಯ ನೆರವಿನಿಂದ ಸುಟ್ಟು ಮುಗಿಸುತ್ತಾಳೆ. ನಮ್ಮ ಕಮೆಂಟ್ ಪುಟವನ್ನು ಆ ಮನುಷ್ಯ ಅಷ್ಟು ಮೊದಲೇ ಬರೆದಿಟ್ಟಿದ್ದರು.

ಅದೇ ಕಾದಂಬರಿಯ 1970ರ ಸಿನಿಮಾದಲ್ಲಿ ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯನಾದವರು ಗಿರೀಶ ಕಾರ್ನಾಡ್, ನಾರಣಪ್ಪನಾದವರು ಪಿ. ಲಂಕೇಶ್. ಲಂಕೇಶರ ಮಗಳು, ಪತ್ರಕರ್ತೆ ಗೌರಿಯನ್ನು 2017ರ ಸೆಪ್ಟೆಂಬರ್ 5ರಂದು ಮನೆಯೆದುರೇ ಗುಂಡಿಕ್ಕಿ ಕೊಂದಾಗ ಖುಷಿಪಟ್ಟು ಬರೆದವರು ಎಷ್ಟಿದ್ದರೆಂದರೆ, ಆಗಿನ ಕೇಂದ್ರ ಸಚಿವ ರವಿಶಂಕರ್ ಪ್ರಸಾದರೇ ಆ ಸಂದೇಶಗಳನ್ನು ಖಂಡಿಸಬೇಕಾಯಿತು. ಕಾರ್ನಾಡರು 2019ರ ಜೂನ್ 10ರಂದು ಹೋದರು. ಸರ್ಕಾರಿ ಗೌರವ ಬೇಡ, ವಿಧಿ ಬೇಡ, ಮೆರವಣಿಗೆ ಬೇಡ ಎಂಬುದು ಅವರ ಇಚ್ಛೆ. ಕಲ್ಪಳ್ಳಿಯ ಚಿತಾಗಾರದಲ್ಲಿ ಸದ್ದಿಲ್ಲದೆ ಮುಗಿಯಿತು. ಸದ್ದನ್ನು ನಿಮ್ಮ ಹಿರಿಯರು ಫೋನಿನಲ್ಲಿ ತುಂಬಿಕೊಟ್ಟರು.

ಭಾಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದು ನಿಮಗೆ ಬರುತ್ತದೆ. ಬಹುವಚನ ಬಿಡಿ, ಅನಂತಮೂರ್ತಿಗೂ ಕಾರ್ನಾಡರಿಗೂ ಸಾಯುವಾಗ 81, ಆದರೂ ‘ಅಂತೂ ಹೋದ’ ಎಂದೇ ಬರೆಯಬೇಕು. ಮೊದಲು ‘ಓಂ ಶಾಂತಿ’ ಹಾಕಿ ಆಮೇಲೆ ‘ಆದರೆ’ ಎನ್ನುವುದು ನುರಿತವರ ವಿಧಾನ. ಕಾಯಿಲೆಯ ಫೋಟೊ ಸಿಕ್ಕರೆ ಬಿಡಬೇಡಿ: ಗೌರಿ ಹತ್ಯೆಯ ಮೊದಲ ವರ್ಷದ ಸಭೆಗೆ ಕಾರ್ನಾಡರು ಮೂಗಿನಲ್ಲಿ ಆಕ್ಸಿಜನ್ ನಳಿಕೆ ಇಟ್ಟುಕೊಂಡೇ ಬಂದಿದ್ದರು. ಅವರ ನಾಟಕವನ್ನೋ ರಾಜಕೀಯವನ್ನೋ ಟೀಕಿಸಬೇಕು ಎನ್ನುವವರು ಬೇರೆ ಕೈಪಿಡಿ ನೋಡಿಕೊಳ್ಳಲಿ. ಅದಕ್ಕೆ ಓದಿರಬೇಕು, ಕೆಳಗೆ ಸ್ವಂತ ಹೆಸರು ಹಾಕಬೇಕು. ಅಂದಹಾಗೆ, ಈ ಕೈಪಿಡಿ ಒಂದೇ ಪಕ್ಷದ ಸ್ವತ್ತಲ್ಲ. ಆ ಕಡೆಯವರು ಸತ್ತ ದಿನ ಈ ಕಡೆಯವರೂ ಒಂದಕ್ಷರ ಬದಲಿಸದೆ ಬಳಸುತ್ತಾರೆ.

ಕಾನೂನಿನ ಭಯ ಬೇಡ. ಇಂಟರ್ನೆಟ್ಟಿನಲ್ಲಿ ಬರೆದದ್ದಕ್ಕೆ ಹಿಡಿಯುತ್ತಿದ್ದ ಐಟಿ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರಲ್ಲಿ ರದ್ದು ಮಾಡಿತು, ಸರಿಯಾಗಿಯೇ ಮಾಡಿತು. ಅದಿದ್ದಾಗ ಸಿಕ್ಕಿಬಿದ್ದವರಾದರೂ ಯಾರು? ಬಾಳ ಠಾಕ್ರೆ ಸತ್ತಾಗ ಮುಂಬೈ ಬಂದ್ ಆಗಿದ್ದೇಕೆ ಎಂದು 2012ರಲ್ಲಿ ಬರೆದ ಪಾಲ್ಘರ್‌ನ ಹುಡುಗಿ, ಅದಕ್ಕೆ ಲೈಕ್ ಒತ್ತಿದ ಅವಳ ಗೆಳತಿ. ಈಗ ಉಳಿದಿರುವುದು ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ. ಮನೆಯವರನ್ನು ನೋಯಿಸುವ ಉದ್ದೇಶದಿಂದ ಸತ್ತವರ ಹೆಸರು ಕೆಡಿಸಿದರೆ ಅದೂ ಮಾನಹಾನಿ, ಎರಡು ವರ್ಷದವರೆಗೆ ಸಜೆಯಾಗಬಹುದು. ಆದರೆ ನೊಂದವರೇ ಕೋರ್ಟಿಗೆ ಹೋಗಿ ದೂರು ಕೊಡಬೇಕು. ಆ ವಾರ ಅವರಿಗೆ ಬೇರೆ ಕೆಲಸವಿರುತ್ತದೆ.